ಊದುವ ಯಂತ್ರವೂ ಕೋರ್ಟಿನ ಕಟಕಟೆಯೂ

(ಮೋಟಾರು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದವರ ಸಲುವಾಗಿ ಬರೆದುಕೊಟ್ಟದ್ದು.)

ಸಂಗಾತಿಗಳೇ,

ಹೋದ ಸಭೆಯ ಕೊನೆಯಲ್ಲಿ ಯಾರೋ ಒಬ್ಬರು ಹೆಸರು ಹಾಕದೆ ಒಂದು ಚೀಟಿ ಕಳಿಸಿದ್ದರು. “ಕುಡಿದು ಗಾಡಿ ಓಡಿಸಿದ ಕೇಸು ಬಿದ್ದರೆ ಸಂಘ ನಮ್ಮ ಕಡೆ ನಿಲ್ಲುತ್ತದೋ ಇಲ್ಲವೋ?” ಎಂದು ಅದರಲ್ಲಿ ಬರೆದಿತ್ತು. ಹೊತ್ತಾಯಿತೆಂದು ಹೇಳಿ ನಾನು ಆ ದಿನ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಹೊತ್ತಾದದ್ದು ನೆವ, ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. ಇಂದು ಆ ಚೀಟಿಗೆ ಉತ್ತರ ಹೇಳಲು ಬಂದಿದ್ದೇನೆ.

ನಾನು ವಕೀಲನಲ್ಲ. ಮೆಟ್ರಿಕ್ ಪಾಸು ಮಾಡಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವನು. ಆದರೆ ನಿಮ್ಮಲ್ಲಿ ಹಲವರ ಜೊತೆ ಕೋರ್ಟಿನ ಜಗುಲಿಯ ಮೇಲೆ ಎಷ್ಟೋ ಬೆಳಿಗ್ಗೆ ಕೂತಿದ್ದೇನೆ. ಅಲ್ಲಿ ಕಂಡದ್ದನ್ನೂ, ತಿಳಿದವರನ್ನು ಕೇಳಿ ಕಲಿತದ್ದನ್ನೂ ಹೇಳುತ್ತೇನೆ.

ಮೊದಲು ಆ ಜಗುಲಿಯನ್ನೇ ನೋಡಿ. ಹತ್ತೂವರೆಯ ಹೊತ್ತಿಗೆ ಇಪ್ಪತ್ತು ಮೂವತ್ತು ಜನ ಗೋಡೆಗೆ ಒರಗಿ ನಿಂತಿರುತ್ತಾರೆ. ಆಟೋದವರು, ಲಾರಿಯವರು, ಗಾರೆ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುತ್ತಿದ್ದವರು. ಅವರ ನಡುವೆ ಒಬ್ಬ ದಲ್ಲಾಳಿ ಓಡಾಡುತ್ತಾನೆ. “ಸುಮ್ಮನೆ ಒಪ್ಪಿಕೊಂಡುಬಿಡಿ, ಅರ್ಧ ಗಂಟೆಯ ಕೆಲಸ, ಮಧ್ಯಾಹ್ನದ ಟ್ರಿಪ್ಪಿಗೆ ಹೋಗಬಹುದು” ಎನ್ನುತ್ತಾನೆ. ಜವಾನ ಹೆಸರು ಕೂಗುತ್ತಾನೆ. ಒಳಗೆ ಹೋದವನು ಕೈ ಜೋಡಿಸಿ “ತಪ್ಪಾಯ್ತು ಸ್ವಾಮಿ” ಎನ್ನುತ್ತಾನೆ. ಹತ್ತು ಸಾವಿರ ಜುಲ್ಮಾನೆ. ಮುಂದಿನವನು ಬರಲಿ.

ನಮ್ಮ ಸಂಘದ ಒಬ್ಬ ಲಾರಿ ಚಾಲಕ ಹೀಗೆಯೇ ಕೈ ಜೋಡಿಸಿ ಬಂದ. ಜುಲ್ಮಾನೆ ಕಟ್ಟಲು ಹೆಂಡತಿಯ ಓಲೆಯನ್ನು ಗಿರವಿ ಇಟ್ಟಿದ್ದ. ದುಡ್ಡು ಕಟ್ಟಿದರೆ ಮುಗಿಯಿತೆಂದು ತಿಳಿದಿದ್ದ. ಆಮೇಲೆ ಗೊತ್ತಾಯಿತು, ಆರು ತಿಂಗಳು ಅವನು ಯಾವ ಗಾಡಿಯನ್ನೂ ಓಡಿಸುವಂತಿಲ್ಲ. ಮಾಲೀಕ ಎರಡೇ ದಿನದಲ್ಲಿ ಬೇರೆ ಡ್ರೈವರನ್ನು ಹುಡುಕಿಕೊಂಡ. “ಮೇಷ್ಟ್ರೇ, ಇದನ್ನ ಯಾರೂ ಹೇಳಲೇ ಇಲ್ಲವಲ್ಲ” ಎಂದು ಅವನು ನನ್ನನ್ನು ಕೇಳಿದ. ನಾನೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಕಾಯಿದೆಯ ಪುಸ್ತಕದಲ್ಲಿ ಅದು ಮೊದಲಿನಿಂದಲೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮು ಕುಡಿದು ಓಡಿಸುವುದರ ಬಗ್ಗೆ. ಆ ಕಲಮಿನ ಕೆಳಗೆ ಶಿಕ್ಷೆಯಾದರೆ, ಕೋರ್ಟು ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಅವನನ್ನು ಲೈಸೆನ್ಸಿಗೆ ಅನರ್ಹನೆಂದು ಆಜ್ಞೆ ಮಾಡಲೇಬೇಕೆಂದು 20ನೇ ಕಲಮು ಹೇಳುತ್ತದೆ. ಅಷ್ಟೇ ಅಲ್ಲ, 2019ರ ತಿದ್ದುಪಡಿಯ ಪ್ರಕಾರ ಪೋಲೀಸರು ರಸ್ತೆಯಲ್ಲೇ ಲೈಸೆನ್ಸು ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳಿಸಬೇಕು. ಅವರು ಕೊಡುವ ರಸೀತಿ ತೋರಿಸಿ ಗಾಡಿ ಓಡಿಸುವಂತಿಲ್ಲ. ಅನರ್ಹನಾದವನು ಹೊಟ್ಟೆಪಾಡಿಗೆಂದು ಕದ್ದು ಓಡಿಸಿದರೆ ಅದು ಇನ್ನೊಂದು ಅಪರಾಧ. ಮೂರು ತಿಂಗಳವರೆಗೆ ಜೈಲು ಅಥವಾ ಮತ್ತೆ ಹತ್ತು ಸಾವಿರ, ಅಥವಾ ಎರಡೂ.

ಜುಲ್ಮಾನೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2019ಕ್ಕೆ ಮೊದಲು ಮೊದಲ ಸಲದ ಅಪರಾಧಕ್ಕೆ ಎರಡು ಸಾವಿರದವರೆಗೆ ಇತ್ತು. ಈಗ ಮೊದಲ ಸಲಕ್ಕೆ ಹತ್ತು ಸಾವಿರ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೆಯ ಸಲಕ್ಕೆ ಹದಿನೈದು ಸಾವಿರ ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಕಾರಿನ ಸಾಹುಕಾರನಿಗೂ ಆಟೋದವನಿಗೂ ಒಂದೇ ದರ. ಕೇಳುವುದಕ್ಕೆ ಸಮಾನತೆ. ಆದರೆ ಆ ಹತ್ತು ಸಾವಿರ ಒಬ್ಬನಿಗೆ ಒಂದು ಸಂಜೆಯ ಹೋಟೆಲು ಬಿಲ್ಲು, ಇನ್ನೊಬ್ಬನಿಗೆ ಮನೆಬಾಡಿಗೆ ಮತ್ತು ತಿಂಗಳ ಅಕ್ಕಿ. ಲೈಸೆನ್ಸು ಹೋದರೆ ಸಾಹುಕಾರ ಒಬ್ಬ ಡ್ರೈವರನ್ನು ಇಟ್ಟುಕೊಳ್ಳುತ್ತಾನೆ. ಡ್ರೈವರನ ಲೈಸೆನ್ಸು ಹೋದರೆ ಅವನು ಯಾರನ್ನು ಇಟ್ಟುಕೊಳ್ಳಬೇಕು?

ಇನ್ನು ಅಪರಾಧವೆಂದರೆ ಏನು ಎಂಬುದಕ್ಕೆ ಬರೋಣ. 1939ರ ಹಳೆಯ ಕಾಯಿದೆ, ಗಾಡಿಯ ಮೇಲೆ ಹತೋಟಿ ತಪ್ಪುವಷ್ಟು ಕುಡಿದಿರಬೇಕೆಂದು ಹೇಳುತ್ತಿತ್ತು. 1988ರ ಕಾಯಿದೆ ರಕ್ತದಲ್ಲಿ ಎಷ್ಟೇ ಸ್ವಲ್ಪ ಮದ್ಯವಿದ್ದರೂ ತಪ್ಪೆಂದಿತು. 1994ರಲ್ಲಿ ಅದನ್ನು ತಿದ್ದಿ ಒಂದು ಅಳತೆ ಕೊಟ್ಟರು: ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ. ಇಂದಿಗೂ ಅದೇ ಅಳತೆ. “ನಾನು ಸ್ಟೆಡಿ ಇದ್ದೆ, ಗಾಡಿ ಸರಿಯಾಗೇ ಓಡಿಸುತ್ತಿದ್ದೆ” ಎಂಬ ಮಾತಿಗೆ ಈಗ ಬೆಲೆಯಿಲ್ಲ. ಮೂವತ್ತು ದಾಟಿತೋ ಇಲ್ಲವೋ, ಅಷ್ಟೇ ಪ್ರಶ್ನೆ.

ಈ ಲೆಕ್ಕದಲ್ಲಿ ನಮ್ಮವರು ತಿಳಿಯದೆ ಸಿಕ್ಕಿಬೀಳುವ ಜಾಗ ಒಂದಿದೆ. ಹೊಟ್ಟೆಗೆ ಹೋದ ಮದ್ಯ ರಕ್ತದಿಂದ ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಮಾತ್ರ ಇಳಿಯುತ್ತದೆ. ರಾತ್ರಿ ಹನ್ನೆರಡಕ್ಕೆ ರಕ್ತದಲ್ಲಿ 150 ಇದ್ದವನು ಬೆಳಿಗ್ಗೆ ಆರಕ್ಕೆ ಸ್ಟೇರಿಂಗ್ ಹಿಡಿದರೆ ಅವನ ರಕ್ತದಲ್ಲಿ ಇನ್ನೂ 60 ಉಳಿದಿರುತ್ತದೆ. ತಣ್ಣೀರಿನ ಸ್ನಾನ, ಕಾಫಿ, ನಿಂಬೆಹಣ್ಣಿನ ರಸ, ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. “ನಾನು ಕುಡಿದದ್ದು ನಿನ್ನೆ ಸ್ವಾಮಿ” ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನ ರಕ್ತಕ್ಕೆ ನಿನ್ನೆ ಇನ್ನೂ ಮುಗಿದಿಲ್ಲ.

ಈಗ ರಸ್ತೆಯ ಮೇಲೆ ಏನಾಗಬೇಕು? ಸಮವಸ್ತ್ರದಲ್ಲಿರುವ ಪೋಲೀಸು ಅಧಿಕಾರಿಗೆ, ಇಲ್ಲವೇ ಮೋಟಾರು ವಾಹನ ಇಲಾಖೆಯ ಅಧಿಕಾರಿಗೆ, ತಕ್ಕ ಕಾರಣದಿಂದ ಸಂಶಯ ಬಂದರೆ ಯಂತ್ರದಲ್ಲಿ ಊದಿಸಬಹುದು. ಯಂತ್ರ ಮದ್ಯ ತೋರಿಸಿದರೆ ಪೋಲೀಸರು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ದಸ್ತಗಿರಿಯಾದವನಿಗೆ ಠಾಣೆಯಲ್ಲಿ ಮತ್ತೊಮ್ಮೆ ಊದಲು ಅವಕಾಶ ಕೊಡಬೇಕು. ಪೋಲೀಸರ ಎದುರಿಗೇ ನಡೆದ ಅಪರಾಧಕ್ಕೆ ದಸ್ತಗಿರಿ ಮಾಡಿದರೆ, ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಯಾಗಬೇಕು. ಆಗದಿದ್ದರೆ ಅವನನ್ನು ಬಿಡಬೇಕು. ರಕ್ತವನ್ನು ವೈದ್ಯರೇ ತೆಗೆಯಬೇಕು. ಇವು 202ರಿಂದ 204ರವರೆಗಿನ ಕಲಮುಗಳಲ್ಲಿ ಇರುವ ಮಾತು.

“ಊದುವುದೇ ಇಲ್ಲ ಎಂದರೆ ಪುರಾವೆ ಎಲ್ಲಿಂದ ಬರುತ್ತದೆ?” ಎಂದು ಬಸ್‌ಸ್ಟ್ಯಾಂಡಿನ ಪಂಡಿತರು ಉಪದೇಶ ಮಾಡುತ್ತಾರೆ. ಅವರ ಮಾತು ಕೇಳಬೇಡಿ. ಒಲ್ಲೆನೆಂದವನನ್ನೂ ಸಂಶಯದ ಮೇಲೆ ದಸ್ತಗಿರಿ ಮಾಡಬಹುದು. ತಕ್ಕ ಕಾರಣ ತೋರಿಸದಿದ್ದರೆ ಆ ನಿರಾಕರಣೆಯನ್ನೇ ಕೋರ್ಟು ಅವನ ವಿರುದ್ಧ ಎಣಿಸಬಹುದೆಂದು 205ನೇ ಕಲಮು ಹೇಳುತ್ತದೆ. ಅದಕ್ಕಿಂತ ಊದಿ, ಲೆಕ್ಕ ಅನುಮಾನವೆನಿಸಿದರೆ “ಮತ್ತೊಮ್ಮೆ ಊದುತ್ತೇನೆ, ಆಸ್ಪತ್ರೆಗೂ ಕರೆದುಕೊಂಡು ಹೋಗಿ, ರಕ್ತ ತೆಗೆಸಿ” ಎಂದು ಸಮಾಧಾನವಾಗಿ ಕೇಳಿ. ಹಿಡಿದ ಹೊತ್ತು, ಊದಿದ ಹೊತ್ತು, ಆಸ್ಪತ್ರೆಗೆ ಹೋದ ಹೊತ್ತು ಇವನ್ನು ಕ್ಲೀನರ್ ಹುಡುಗನಿಂದ ಬರೆಸಿಡಿ. ಇನ್ನೊಂದು ಮಾತು: 185ನೇ ಕಲಮಿನ ಅಪರಾಧವನ್ನು ರಸ್ತೆಯಲ್ಲಿ ದಂಡ ಕಟ್ಟಿ ಮುಗಿಸಿಕೊಳ್ಳಲು ಬರುವುದಿಲ್ಲ. ಅದು ಕೋರ್ಟಿಗೇ ಹೋಗಬೇಕು. ಹಾಗಾಗಿ ರಸ್ತೆಯಲ್ಲಿ ಯಾರ ಕೈಗಾದರೂ ಕೊಟ್ಟ ದುಡ್ಡು ದಂಡವಲ್ಲ, ಲಂಚ. ಕೊಟ್ಟವನೂ ತಪ್ಪಿತಸ್ಥನೇ.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಆರೋಪವನ್ನು ತಿಳಿಸಿ ತಪ್ಪು ಒಪ್ಪುತ್ತೀಯಾ ಎಂದು ಕೇಳುತ್ತಾರೆ. ಆರೋಪಿ ಹೇಳಿದ್ದನ್ನು ಆದಷ್ಟೂ ಅವನ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ಕಾಯಿದೆಯಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಏಕೆ ಹಾಗೆ ಬರೆದಿದ್ದಾರೆ? ನಮ್ಮ ಜನರಿಗೆ “ತಪ್ಪಾಯ್ತು” ಎಂಬುದು ದೊಡ್ಡವರ ಎದುರು ನಿಂತಾಗ ತಾನಾಗಿ ಬಾಯಿಗೆ ಬರುವ ಮಾತು. ಶಾಲೆಯಲ್ಲಿ ಬೆತ್ತ ಕಂಡ ಹುಡುಗನೂ ಮಾಡದ ತಪ್ಪಿಗೆ ತಪ್ಪಾಯ್ತು ಸಾರ್ ಎನ್ನುತ್ತಿದ್ದ, ನಾನೇ ಕೇಳಿದ್ದೇನೆ. ಕೋರ್ಟಿನಲ್ಲಿ ಮಾತ್ರ ಆ ಮಾತು ತಪ್ಪೊಪ್ಪಿಗೆಯಾಗಿ ನಿಲ್ಲುತ್ತದೆ. ಒಮ್ಮೆ ಒಪ್ಪಿ ಶಿಕ್ಷೆಯಾದ ಮೇಲೆ, ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ಸರಿಯಿಲ್ಲ ಎಂಬುದರ ಹೊರತು ಅಪೀಲಿನ ದಾರಿ ಮುಚ್ಚಿಹೋಗುತ್ತದೆ.

ಒಪ್ಪಲೇಬೇಡಿ ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ಕುಡಿದು ಓಡಿಸಿ, ಕಾಗದಪತ್ರವೂ ಸರಿಯಾಗಿದ್ದರೆ ಒಪ್ಪಿಕೊಳ್ಳುವುದೇ ಮರ್ಯಾದೆ. ಆದರೆ ತಿಳಿದು ಒಪ್ಪಿ. ಲೈಸೆನ್ಸು ಎಷ್ಟು ದಿನ ಹೋಗುತ್ತದೆ ಎಂಬುದನ್ನು ತಿಳಿದು, ಇದು ಮೊದಲ ಸಲ, ಯಾರಿಗೂ ಪೆಟ್ಟಾಗಿಲ್ಲ ಎಂಬುದನ್ನು ಹೇಳಿಸಿ, ಆಮೇಲೆ ಒಪ್ಪಿ.

ನಿಮಗೆ ಒಪ್ಪಿಗೆಯಿಲ್ಲದಿದ್ದರೆ ರುಜುವಾತು ಮಾಡುವ ಹೊಣೆ ಸರ್ಕಾರದ್ದು. ಗಾಡಿ ಓಡಿಸುತ್ತಿದ್ದವನು ಇವನೇ, ಸಾರ್ವಜನಿಕ ಸ್ಥಳದಲ್ಲೇ, ಊದಿದ ಚೀಟಿ ಇವನದೇ, ಯಂತ್ರ ಸರಿಯಾಗಿತ್ತು, ರಕ್ತದ ಸೀಸೆ ಆಸ್ಪತ್ರೆಯಿಂದ ಪ್ರಯೋಗಾಲಯದವರೆಗೆ ಮೊಹರು ಕೆಡದೆ ಹೋಯಿತು, ಇಷ್ಟನ್ನೂ ಅವರು ತೋರಿಸಬೇಕು. ಬಾಯಲ್ಲಿ ಉಳಿದ ಮದ್ಯದಿಂದ ಯಂತ್ರ ಹೆಚ್ಚು ತೋರಿಸಬಹುದು. ಅದಕ್ಕೇ ಸ್ವಲ್ಪ ಹೊತ್ತು ಕಾಯಿಸಿ ಊದಿಸುವುದು ಸರಿಯಾದ ಕ್ರಮ. ಯಂತ್ರವನ್ನು ಆಗಾಗ ಅಳತೆಗೆ ಕೂಡಿಸಿರಬೇಕು. ಆರೋಪಿ ಊದುವ ಮೊದಲು ಖಾಲಿ ಪರೀಕ್ಷೆಯಲ್ಲಿ ಸೊನ್ನೆ ತೋರಿಸದ ಯಂತ್ರದ ಲೆಕ್ಕವನ್ನು ನಂಬಲಾಗದೆಂದು 2025ರಲ್ಲಿ ಕೇರಳದ ಹೈಕೋರ್ಟು ಒಂದು ಕೇಸಿನಲ್ಲಿ 185ನೇ ಕಲಮಿನ ಆರೋಪವನ್ನು ರದ್ದು ಮಾಡಿತು. ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು ಎಂದಷ್ಟೇ ಬರೆದು, ರಕ್ತ ಮೂತ್ರ ಯಾವುದನ್ನೂ ಪರೀಕ್ಷೆ ಮಾಡಿಸದಿದ್ದರೆ ಅದು ಸಾಲದೆಂದು ಸುಪ್ರೀಂ ಕೋರ್ಟು 1971ರಲ್ಲೇ ಮುಂಬಯಿ ಕಡೆಯ ಒಂದು ಕೇಸಿನಲ್ಲಿ ಹೇಳಿತ್ತು.

ಇದಕ್ಕೆಲ್ಲ ವಕೀಲರು ಬೇಕು, ದುಡ್ಡೆಲ್ಲಿ ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಕಾಯಿದೆಯ ಕೆಳಗೆ ಪ್ರತಿ ತಾಲ್ಲೂಕಿನಲ್ಲೂ ಸಮಿತಿಯಿರುತ್ತದೆ, ಕೋರ್ಟಿನ ಆವರಣದಲ್ಲೇ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಕೊಡಬೇಕು. ಉಳಿದ ಬಡವರಿಗೆ ಆದಾಯದ ಮಿತಿ ನೋಡಿ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ದಲ್ಲಾಳಿಗೆ ಕೊಡುವ ಐನೂರನ್ನು ಉಳಿಸಿಕೊಂಡು ಆ ಬಾಗಿಲು ತಟ್ಟಿ. ಇದು ಭಿಕ್ಷೆಯಲ್ಲ, ಸಂವಿಧಾನದ ಮಾತು.

ಸಂಗಾತಿಗಳೇ, ಇಲ್ಲಿಯವರೆಗೆ ನಾನು ಹೇಳಿದ್ದು ಚೀಟಿ ಬರೆದವರಿಗೆ ಸಿಹಿಯಾಗಿಯೇ ಇದ್ದೀತು. ಇನ್ನು ಕಹಿ ಮಾತು.

ಮೂರು ವರ್ಷದ ಹಿಂದೆ ನಮ್ಮವನೊಬ್ಬ ಗೂಡ್ಸ್ ಆಟೋದವನು ಸಂಜೆ ಹೊತ್ತು ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವನಿಗೆ ಗುದ್ದಿದ. ಹಾಲಿನವನ ಕಾಲು ಮುರಿಯಿತು. ನಮ್ಮವನು ಕುಡಿದಿದ್ದ. ಊದಿಸುವ ಯಂತ್ರ ಆ ದಿನ ಠಾಣೆಯಲ್ಲಿರಲಿಲ್ಲ, ರಕ್ತವನ್ನೂ ತೆಗೆಸಲಿಲ್ಲ. “ವಾಸನೆ ಬರುತ್ತಿತ್ತು” ಎಂದು ಬರೆದು ಬಿಟ್ಟರು. ನಾನೇ ವಕೀಲರನ್ನು ಹಿಡಿದೆ. ಅಳತೆಯಿಲ್ಲದೆ 185 ನಿಲ್ಲುವುದಿಲ್ಲವೆಂದು ಅವರು ವಾದಿಸಿದರು. ಆ ಆರೋಪ ಬಿದ್ದುಹೋಯಿತು. ಸಂಘದವರು ಜಗುಲಿಯ ಮೇಲೆ ಚಪ್ಪಾಳೆ ತಟ್ಟಿದರು. ಅದೇ ಜಗುಲಿಯ ತುದಿಯಲ್ಲಿ ಹಾಲಿನವನು ಊರುಗೋಲು ಹಿಡಿದು ಸಾಕ್ಷಿ ಹೇಳಲು ಬಂದು ಕೂತಿದ್ದ. ನನ್ನನ್ನು ಕರೆದು, “ಮೇಷ್ಟ್ರೇ, ಅವನ ಪರ ನೀವಿದ್ದೀರಿ. ನನ್ನ ಪರ ಯಾರು ಮಾತಾಡ್ತಾರೆ?” ಎಂದ. ಆ ಪ್ರಶ್ನೆಗೆ ನಾನು ತಲೆ ತಗ್ಗಿಸಿ ನಿಂತೆ. ಚೀಟಿಗೆ ಅಂದು ಉತ್ತರ ಕೊಡಲಾಗದೆ ಹೋದದ್ದು ಈ ಕಾರಣದಿಂದ.

ದೊಡ್ಡವರ ಕೇಸುಗಳನ್ನು ನೋಡಿ. 1999ರ ಜನವರಿ 10ರಂದು ದೆಹಲಿಯ ಲೋಧಿ ರಸ್ತೆಯಲ್ಲಿ ಒಂದು ಬೆಲೆಬಾಳುವ ಕಾರು ಆರು ಜನರನ್ನು ಕೊಂದಿತು, ಮೂವರು ಪೋಲೀಸರೇ. ಖಟ್ಲೆ ಹದಿಮೂರು ವರ್ಷ ನಡೆಯಿತು. ಸಾಕ್ಷಿಯನ್ನು ತಿರುಗಿಸಲು ಹೊರಟರೆಂದು ಆರೋಪಿಯ ಪರ ಹಿರಿಯ ವಕೀಲರೊಬ್ಬರನ್ನೇ ಹೈಕೋರ್ಟು ನ್ಯಾಯಾಲಯ ನಿಂದನೆಯ ಅಪರಾಧಿಯೆಂದಿತು, 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕಾರೊಂದು ರಸ್ತೆ ಬದಿ ಮಲಗಿದ್ದ ಕೂಲಿಗಳ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನಕ್ಕೆ ಗಾಯ. ಓಡಿಸಿದವನ ರಕ್ತದಲ್ಲಿ ನೂರು ಮಿಲಿಲೀಟರಿಗೆ 112 ಮಿಲಿಗ್ರಾಂ ಇತ್ತು. ಕೆಳಗಿನ ಕೋರ್ಟು ಕೊಟ್ಟದ್ದು ಆರು ತಿಂಗಳು. ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಇಬ್ಬರು ಯುವ ಇಂಜಿನಿಯರುಗಳು ಒಂದು ಕಾರಿಗೆ ಬಲಿಯಾದರು. ರಕ್ತದ ಮಾದರಿಯನ್ನೇ ಬದಲಾಯಿಸಿದರೆಂಬ ಆರೋಪದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರು ದಸ್ತಗಿರಿಯಾದರು.

ಯಂತ್ರ ಸರಿಯಿತ್ತೇ ಎಂದು ಕೇಳುವುದು ರಕ್ಷಣೆ. ಸಾಕ್ಷಿಯನ್ನು ಕೊಳ್ಳುವುದು, ಸೀಸೆ ಬದಲಾಯಿಸುವುದು, ಸ್ಟೇರಿಂಗ್ ಹಿಡಿದವನ ಬದಲು ಕ್ಲೀನರನನ್ನು ಕಟಕಟೆಗೆ ಕಳಿಸುವುದು ಅನ್ಯಾಯ. ಮೊದಲನೆಯದು ಬಡವನಿಗೆ ಸಿಗದೆ, ಎರಡನೆಯದು ದುಡ್ಡಿದ್ದವನಿಗೆ ಸಿಗುತ್ತಿರುವುದೇ ನಮ್ಮ ಜಗಳ. ನಾವೂ ಎರಡನೆಯದನ್ನು ಕಲಿತರೆ ಸಾಹುಕಾರನಿಗೂ ನಮಗೂ ಏನು ವ್ಯತ್ಯಾಸ? ಕಾರ್ಟರ್ ರಸ್ತೆಯಲ್ಲಿ ಸತ್ತವರು ಯಾರು? ರಸ್ತೆ ಕೆಲಸಕ್ಕೆ ಬಂದ ಕೂಲಿಗಳು. ನಮ್ಮ ಲಾರಿಯ ಚಕ್ರದಡಿ ಬೀಳುವವರೂ ಸೈಕಲ್ಲಿನವರು, ನಡೆದು ಹೋಗುವವರು. ಸ್ಟೇರಿಂಗ್ ಹಿಡಿದವನೂ ನಮ್ಮವನು, ಚಕ್ರದಡಿ ಬಿದ್ದವನೂ ನಮ್ಮವನು.

ಸರ್ಕಾರವನ್ನೂ ಬಿಡುವಂತಿಲ್ಲ. ಕರ್ನಾಟಕದ ಬೊಕ್ಕಸಕ್ಕೆ ಅಬಕಾರಿಯಿಂದ ವರ್ಷಕ್ಕೆ ಮೂವತ್ತು ಸಾವಿರ ಕೋಟಿಗೂ ಮೇಲೆ ಬರುತ್ತದೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದಿತು. ಒಂದು ವರ್ಷ ತುಂಬುವುದರೊಳಗೆ ಸಣ್ಣ ಊರುಗಳಿಗೆ 220 ಮೀಟರು, ನಗರಸಭೆಗಳ ಎಲ್ಲೆಯೊಳಗೆ ಅನ್ವಯವೇ ಇಲ್ಲ ಎಂದಾಯಿತು. ಒಂದು ಕೈಯಲ್ಲಿ ಬಾಟ್ಲಿ ಮಾರಿ, ಇನ್ನೊಂದು ಕೈಯಲ್ಲಿ ಯಂತ್ರ ಹಿಡಿದು ಊದು ಎನ್ನುವ ಸರ್ಕಾರ ಇದು. ಮಾಲೀಕರೇನು? 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಬರೆದಿತ್ತು. ನಿಮ್ಮಲ್ಲಿ ಎಷ್ಟು ಜನ ಎಂಟು ಗಂಟೆಗೆ ಇಳಿದು ಮಲಗಿದ್ದೀರಿ? ಎರಡು ರಾತ್ರಿ ನಿದ್ದೆಗೆಟ್ಟವನು ಮೈ ನೋವಿಗೆಂದು ಒಂದು ಕ್ವಾರ್ಟರ್ ಹಾಕುತ್ತಾನೆ. ಕೇಸು ಬಿದ್ದಾಗ ಮಾಲೀಕನ ಹೆಸರು ಎಲ್ಲೂ ಕಾಣುವುದಿಲ್ಲ. ಇದನ್ನು ಹೇಳಬೇಕು, ಹೋರಾಡಬೇಕು. ಆದರೆ ಇದನ್ನು ಹೇಳಿ ಹಾಲಿನವನ ಕಾಲನ್ನು ಮರೆಸುವಂತಿಲ್ಲ.

ಆದ್ದರಿಂದ ಚೀಟಿಗೆ ನನ್ನ ಉತ್ತರ ಇದು. ಕೇಸು ಬಿದ್ದ ಪ್ರತಿಯೊಬ್ಬ ಸದಸ್ಯನ ಜೊತೆಯೂ ಸಂಘ ಕೋರ್ಟಿನ ಬಾಗಿಲವರೆಗೆ ಹೋಗಲಿ. ಒಬ್ಬನೂ ತನ್ನ ಕಾಗದವನ್ನು ಯಾರಿಂದಲೂ ಓದಿಸಿಕೊಳ್ಳದೆ, ಮುಂದೇನಾಗುತ್ತದೆಂದು ತಿಳಿಯದೆ “ತಪ್ಪಾಯ್ತು” ಎನ್ನಬಾರದು. ಸರ್ಕಾರದ ವಕೀಲರು ಸಿಗದಿದ್ದರೆ ಸಂಘದ ನಿಧಿಯಿಂದ ಕೊಡೋಣ. ಆದರೆ ಸಾಕ್ಷಿಗೆ ಕೊಡಲು, ಆಸ್ಪತ್ರೆಯಲ್ಲಿ ಕೊಡಲು, ಠಾಣೆಯಲ್ಲಿ ಕೊಡಲು ನಿಧಿಯಿಂದ ಒಂದು ರೂಪಾಯಿಯೂ ಹೊರಡಬಾರದು. ಯಾರಿಗಾದರೂ ಪೆಟ್ಟಾಗಿದ್ದರೆ ಅವರ ಮನೆಗೂ ಸಂಘದಿಂದ ಇಬ್ಬರು ಹೋಗಬೇಕು. ಅಪಘಾತದ ಪರಿಹಾರಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2022ರಿಂದ ಕಾಯಿದೆಯಾಗಿದೆ. ಆ ಅರ್ಜಿಯನ್ನು ಬರೆದುಕೊಡುವ ಕೆಲಸ ನಮ್ಮದೇ ಆಗಲಿ. ಲೈಸೆನ್ಸು ಹೋದವನ ಮನೆಗೆ ಆ ಆರು ತಿಂಗಳು ಅಕ್ಕಿಗೆ ಸಹಾಯ ಮಾಡೋಣ, ಅವನು ಕದ್ದು ಓಡಿಸುವ ಗತಿ ಬರದಿರಲಿ. ಎರಡನೆಯ ಸಲವೂ ಕುಡಿದು ಸಿಕ್ಕಿದವನಿಗೆ ವಕೀಲರನ್ನು ಕೊಡೋಣ, ಚಪ್ಪಾಳೆ ಬೇಡ.

ಇದನ್ನು ಸಭೆ ಒಪ್ಪುವುದಾದರೆ ನಿರ್ಣಯವಾಗಿ ಬರೆಯೋಣ. ಒಪ್ಪದಿದ್ದರೆ ಎದ್ದು ನಿಂತು ಹೇಳಿ, ಚೀಟಿ ಬೇಡ. ಹಾಲಿನವನು ಈಗಲೂ ಬೆಳಿಗ್ಗೆ ನಮ್ಮ ಬೀದಿಗೆ ಹಾಲು ತರುತ್ತಾನೆ. ಸೈಕಲ್ ತುಳಿಯಲಾರ, ತಳ್ಳಿಕೊಂಡು ಬರುತ್ತಾನೆ. ನಾಳೆ ಬೆಳಿಗ್ಗೆ ಅವನು ಬಂದಾಗ ಈ ಸಭೆಯಲ್ಲಿ ಏನಾಯಿತೆಂದು ಅವನಿಗೆ ಹೇಳಬೇಕೆಂದಿದ್ದೇನೆ. ಏನು ಹೇಳಲಿ ಎಂಬುದನ್ನು ನೀವು ತೀರ್ಮಾನಿಸಿ.